ಚೀಟಿ ಓದುವ ಜಾಣತನ

ಡಿಸ್ಕ್ ಇಮೇಜಿನಲ್ಲಿ ಯಾವ ಕಾರ್ಯಾಚರಣಾ ವ್ಯವಸ್ಥೆ ಇದೆಯೆಂದು ಗುರುತಿಸುವ ಲಿಬ್‌ಓಎಸ್‌ಇನ್ಫೋ ತಂತ್ರಾಂಶಕ್ಕೆ ಸಂದಿರುವ ಹೊಗಳಿಕೆ ಅದರ ಕೆಲಸಕ್ಕಿಂತ ದೊಡ್ಡದು. ಅದನ್ನು ಬಳಸುವ, ವರ್ಚುವಲ್ ಯಂತ್ರ ನಡೆಸುವ ವರ್ಟ್-ಮ್ಯಾನೇಜರ್‌ಗೋ ಗ್ನೋಮ್ ಬಾಕ್ಸಸ್‌ಗೋ ಒಂದು ಐಎಸ್‌ಓ ಕಡತ ಕೊಟ್ಟರೆ ಸಾಕು, ‘ಇದು ಫೆಡೋರಾ’, ‘ಇದು ಡೆಬಿಯನ್’ ಎಂಬ ಉತ್ತರ ಬರುತ್ತದೆ. ಎಷ್ಟು ಮೆಮೊರಿ ಬೇಕೆಂಬ ಸಲಹೆಯೂ ಜೊತೆಗಿರುತ್ತದೆ. ಮೆಚ್ಚಿ ಬರೆಯುವವರು ತಂತ್ರಾಂಶ ಇಮೇಜಿನ ಒಳಹೊಕ್ಕು ಎಲ್ಲವನ್ನೂ ಜಾಲಾಡಿತೆಂಬ ಭಾವನೆ ಹುಟ್ಟಿಸುತ್ತಾರೆ. ಅದು ಓದಿದ್ದು ಮುಖ್ಯವಾಗಿ ಒಂದು ಚೀಟಿಯನ್ನು.

ಆ ಚೀಟಿಯನ್ನೇ ಸ್ವಲ್ಪ ಕೆದಕೋಣ. 1988ರ ಐಎಸ್‌ಓ 9660 ಮಾನದಂಡದ ಪ್ರಕಾರ, ಡಿಸ್ಕಿನ 16ನೇ ಸೆಕ್ಟರಿನಲ್ಲಿ 2,048 ಬೈಟುಗಳ ಒಂದು ವಿವರಣಪತ್ರವಿರುತ್ತದೆ. ಅದರಲ್ಲಿ ನಮ್ಮ ಚೀಟಿಗೆ, ಅಂದರೆ ಡಿಸ್ಕಿನ ಹೆಸರು ಬರೆಯುವ ವಾಲ್ಯೂಮ್ ಲೇಬಲ್ಲಿಗೆ, ಮೀಸಲಾದದ್ದು 32 ಬೈಟು. ಇಂಗ್ಲಿಷಿನ ದೊಡ್ಡಕ್ಷರ, ಅಂಕಿ, ಅಂಡರ್‌ಸ್ಕೋರ್ ಇಷ್ಟನ್ನೇ ಬಳಸಬೇಕೆಂಬುದು ನಿಯಮ. ಡೆಬಿಯನ್, ಉಬುಂಟು ಎರಡೂ ಸಣ್ಣಕ್ಷರ ಬರೆದು, ನಡುವೆ ಜಾಗ ಬಿಟ್ಟು ಈ ನಿಯಮವನ್ನು ಗಾಳಿಗೆ ತೂರಿವೆ. ಆದರೆ ಉದ್ದದ ಮಿತಿಯನ್ನು ಮೀರುವಂತಿಲ್ಲ. ಉಬುಂಟು ಸರ್ವರ್ 22.04.1ರ ಲೇಬಲ್ ಆಗಲೇ 31 ಅಕ್ಷರ. ಫೆಡೋರಾ ಅಂತೂ ‘ವರ್ಕ್‌ಸ್ಟೇಷನ್’ ಎಂಬುದನ್ನು ‘ಡಬ್ಲ್ಯೂಎಸ್’ ಎಂದು ಮೊಟಕುಗೊಳಿಸಿಕೊಂಡಿದೆ.

ಇಕ್ಕಟ್ಟು ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಫೆಡೋರಾ ಇದೇ ಲೇಬಲ್ಲನ್ನು ವಿಳಾಸವಾಗಿಯೂ ದುಡಿಸಿಕೊಳ್ಳುತ್ತದೆ: ಬೂಟ್ ಆದ ಕರ್ನಲ್ ಉಳಿದ ಭಾಗವನ್ನು ಹುಡುಕುವುದು ಈ ಹೆಸರಿನ ಡಿಸ್ಕಿನಲ್ಲಿ. ಇಮೇಜನ್ನು ಬೈಟ್ ಬಿಡದೆ ಪೆನ್‌ಡ್ರೈವ್‌ಗೆ ಇಳಿಸಿದರೆ ಸರಿ. ಫೈಲುಗಳನ್ನಷ್ಟೇ ನಕಲು ಮಾಡಿದರೆ ಪೆನ್‌ಡ್ರೈವಿನ ಫ್ಯಾಟ್ ಫೈಲ್ ವ್ಯವಸ್ಥೆ ಲೇಬಲ್ಲಿಗೆ ಕೊಡುವುದು 11 ಅಕ್ಷರ. ಹೆಸರಿನ ಬಾಲ ಕತ್ತರಿಸಿಹೋಗಿ ಬೂಟ್ ನಡುದಾರಿಯಲ್ಲಿ ನಿಲ್ಲುತ್ತದೆ. ಅದಕ್ಕೇ ಬೂಟ್ ಆಗುವ ಪೆನ್‌ಡ್ರೈವ್ ತಯಾರಿಸುವ ರೂಫಸ್‌ನಂಥ ಉಪಕರಣ ಬೂಟ್ ಸಂರಚನೆಯನ್ನೂ ತಿದ್ದಬೇಕಾಗಿ ಬಂತು. ಹೆಸರು, ಗುರುತು, ವಿಳಾಸ ಮೂರನ್ನೂ ಒಂದೇ ಚೀಟಿಯ ತಲೆಗೆ ಕಟ್ಟಿದ್ದರ ಫಲ ಇದು.

ಲಿಬ್‌ಓಎಸ್‌ಇನ್ಫೋ ಈ ಲೇಬಲ್ಲನ್ನು ತನ್ನ ದತ್ತಸಂಚಯದ ಮಾದರಿಗಳಿಗೆ ಹೋಲಿಸುತ್ತದೆ. ಪ್ರಕಾಶಕರ ಹೆಸರು, ಅಪ್ಲಿಕೇಷನ್ ಹೆಸರುಗಳನ್ನೂ ನೋಡಬಲ್ಲದು, ನಿಜ. ಅವಕ್ಕೆ 128 ಬೈಟುಗಳ ಅಂಗಳವೇ ಇದೆ. ಹಲವು ಇಮೇಜುಗಳಲ್ಲಿ ಅಲ್ಲಿರುವುದು ಇಮೇಜ್ ತಯಾರಿಸಿದ ಉಪಕರಣದ ಹೆಸರು! ಇನ್ನು ವಿಂಡೋಸ್: 10ರ ಮತ್ತು 11ರ ಹಲವು ಇಮೇಜುಗಳು ಒಂದೇ ಲೇಬಲ್ ಹೊತ್ತು ಬಂದಿವೆ. ಅಲ್ಲಿ ಚೀಟಿ ಓದುವವನ ಜಾಣತನ ಮುಗಿಯಿತು.

ಇದಕ್ಕೆ ಎರಡು ಬಣದವರು ಮದ್ದು ಹೇಳುತ್ತಾರೆ. ಚೆಕ್‌ಸಮ್ ಸಾಕೆನ್ನುವವರು ಪ್ರಶ್ನೆಯನ್ನೇ ತಪ್ಪಾಗಿ ಕೇಳಿಸಿಕೊಂಡಿದ್ದಾರೆ. ಈ ಕಡತ ಮೂಲದ ನಕಲೇ ಎಂದು ಅದು ಹೇಳೀತು. ನಾಳೆ ಬಿಡುಗಡೆಯಾಗುವ ಇಮೇಜ್ ಯಾವ ಜಾತಿಯದೆಂದು ಹೇಳಲಾರದು. ಲೇಬಲ್ಲಿನ ಬದಲು ಯುಯುಐಡಿ ಎಂಬ ಅನನ್ಯ ಗುರುತುಸಂಖ್ಯೆ ಸಾಕೆನ್ನುವ ಬಣದ ಮಾತು ಇನ್ನಷ್ಟು ಅಬ್ಬರದ್ದು. ಐಎಸ್‌ಓದಲ್ಲಿ ಯುಯುಐಡಿ ಎಂದು ತೋರಿಸುವುದು ಇಮೇಜಿನ ದಿನಾಂಕ-ಸಮಯವನ್ನಷ್ಟೇ. ಫ್ಯಾಟ್‌ಗೆ ನಕಲಾದರೆ ಅದೂ ಮಾಯ. ಈ ಬಣ ಉದಾಹರಿಸುವ ಆರ್ಚ್ ಲಿನಕ್ಸ್ ಕೂಡ ಈಗ ಆ ದಿನಾಂಕವನ್ನೇ ಹೆಸರಾಗಿಸಿ ಒಂದು ಫೈಲನ್ನು ಡಿಸ್ಕಿನೊಳಗೆ ಇಟ್ಟು, ಅದನ್ನು ಹುಡುಕಿಸುತ್ತದೆ. ವಾದ ಗೆದ್ದೆವೆನ್ನುವವರು ಇದನ್ನು ಗಮನಿಸಿದಂತಿಲ್ಲ.

ಫೈಲ್! ಡೆಬಿಯನ್ ಈ ದಾರಿಯನ್ನು ಬಹಳ ಹಿಂದೆಯೇ ಹಿಡಿದಿತ್ತು. ಅದರ ಡಿಸ್ಕಿನ ‘ಡಾಟ್ ಡಿಸ್ಕ್’ ಫೋಲ್ಡರಿನಲ್ಲಿ ‘ಇನ್ಫೋ’ ಎಂಬ ಒಂದು ಸಾಲಿನ ಫೈಲಿದೆ. ಆವೃತ್ತಿ, ಅಡ್ಡಹೆಸರು, ಪ್ರೊಸೆಸರ್ ಬಗೆ, ತಯಾರಾದ ದಿನಾಂಕ, ಎಲ್ಲವೂ ಅಲ್ಲಿ ಮೊಟಕಿಲ್ಲದೆ ಇವೆ. ಫ್ಯಾಟ್‌ಗೆ ನಕಲಾದರೂ ಅಳಿಯದು. ಇದರ ಬಗ್ಗೆ ಯಾರೂ ಹೊಗಳಿ ಬರೆಯಲಿಲ್ಲ.

ಲೇಬಲ್ ಓದುವುದು ಸುಲಭ, ಫೈಲ್ ಓದಲು ಡಿಸ್ಕನ್ನು ಮೌಂಟ್ ಮಾಡಬೇಕು ಎಂಬ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಮೂಲ ಫೋಲ್ಡರ್ ಎಲ್ಲಿದೆಯೆಂಬುದು ಅದೇ ವಿವರಣಪತ್ರದಲ್ಲೇ ನಮೂದಾಗಿರುತ್ತದೆ. ಅಲ್ಲಿಂದ ಫೈಲಿಗೆ ಕೆಲವೇ ಹೆಜ್ಜೆ, ಮೌಂಟಿನ ಹಂಗಿಲ್ಲ. ಲಿಬ್‌ಓಎಸ್‌ಇನ್ಫೋ ಉಪಯುಕ್ತವಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಅದಕ್ಕೆ ಸಲ್ಲುತ್ತಿರುವ ಶ್ರೇಯಸ್ಸಿನ ದೊಡ್ಡ ಪಾಲು ಬಿಡುಗಡೆಯಿಂದ ಬಿಡುಗಡೆಗೆ ಲೇಬಲ್ಲಿನ ಶಿಸ್ತು ಕಾಯ್ದ ತಂಡಗಳದ್ದು. ವಿಂಡೋಸ್‌ನಂತೆ ಆ ಶಿಸ್ತು ತಪ್ಪಿದಲ್ಲಿ ಅದರ ಕೈಯಲ್ಲಿ ಉಳಿಯುವುದು ಊಹೆ.