ಹಿಂದಿನ ಚಾಪೆಯಲ್ಲಿ ಕೂತವರು

ಜಗಳೂರು ಕಡೆಯ ಒಂದು ಪ್ರಾರ್ಥನಾ ಮನೆ. ತಗಡಿನ ಸೂರು, ಒಂದು ಮೈಕು, ಒಂದು ಕೀಬೋರ್ಡು, ನೆಲಕ್ಕೆ ಚಾಪೆ. ಭಾನುವಾರ, ‘ಸಾಕ್ಷಿ’ ಹೇಳುವ ಹೊತ್ತು. ಕೂಲಿ ಮಾಡುವ ಒಬ್ಬ ಅವ್ವ ಎದ್ದು ನಿಂತಳು. ಗಂಡ ಕುಡಿಯೋದು ಬಿಟ್ಟ, ಮಗಳ ಜ್ವರ ಇಳೀತು ಅಂದಳು. ಸಭೆ ‘ಸ್ತೋತ್ರ’ ಅಂತು. ಆಕೆ ಅಲ್ಲಿಗೇ ನಿಲ್ಲಿಸಲಿಲ್ಲ. ‘ಗೌಡ್ರು ಮೂರು ವಾರದ ಕೂಲಿ ಕೊಟ್ಟಿಲ್ಲ ಅಯ್ಯಾರೇ, ಅದನ್ನೂ ದೇವ್ರಿಗೆ ಹೇಳ್ಬೇಕು’ ಅಂದಳು. ಕೀಬೋರ್ಡು ಶುರುವಾಯ್ತು. ಹಾಡು ಎದ್ದಿತು. ಅವ್ವ ಕೂತಳು.

ದೇವರನ್ನು ಹುಡುಕಿಕೊಂಡು ಬಂದವರನ್ನು ನಮ್ಮ ಆರಾಧನೆ ಮುಟ್ಟೋದು ಹೇಗೆ ಅಂತ ಸಭಾಪಾಲಕರೂ ಫಾದರುಗಳೂ ಕೇಳುತ್ತಾರೆ. ನಾನು ಕ್ರೈಸ್ತನಲ್ಲ, ಪದ ಕಟ್ಟುವವನು. ಆದರೆ ಆರಾಧನೆಯೂ ಒಂದು ಕಟ್ಟಿದ ಪದವೇ. ಅದರಲ್ಲಿ ಯಾರ ಮಾತಿಗೆ ಜಾಗ ಇದೆ, ಯಾರ ಮಾತು ಬಂದಾಗ ವಾದ್ಯ ಜೋರಾಗುತ್ತೆ ಅನ್ನೋದನ್ನು ವಿಮರ್ಶೆ ಕೇಳಲೇಬೇಕು.

ಹುಡುಕಿಕೊಂಡು ಬರುವವರು ಯಾರು? ಚನ್ನಗಿರಿಯ ಅಡಿಕೆ ತೋಟದಲ್ಲಿ ದುಡಿಯುವವರು, ಹೊನ್ನಾಳಿ, ನ್ಯಾಮತಿ ಕಡೆಯ ತಾಂಡಾಗಳ ಜನ, ಜಗಳೂರಿನ ಬರಕ್ಕೆ ಬೆನ್ನು ಕೊಟ್ಟವರು. ಗುಡಿಯ ಹೊಸ್ತಿಲಾಚೆಯೇ ತಲೆಮಾರು ಸವೆಸಿದ ಕೇರಿಯವರು. ಇವರು ಬಂದು ಹಿಂದಿನ ಚಾಪೆಯಲ್ಲಿ ಕೂರುತ್ತಾರೆ. ಸಭೆಯ ದಫ್ತರಕ್ಕೆ ಹೆಸರು ಕೊಡಲ್ಲ. ಹೇಡಿತನ ಅನ್ನಬೇಡಿ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಹಕ್ಕನ್ನು ಧರ್ಮಕ್ಕೆ ಕಟ್ಟಿ ಹಾಕಿದೆ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಗಂಟು ಸಡಿಲಾಯಿತು, ಕ್ರೈಸ್ತರಾದ ದಲಿತರಿಗೆ ಆಗಲಿಲ್ಲ. ಕೇರಿಯಲ್ಲಿ ಅವನ ಜಾತಿ ಹೋಗಲ್ಲ, ಕಾಗದದಲ್ಲಿ ಮಾತ್ರ ಹೋಗುತ್ತೆ. ಹಾಗಾಗಿ ಹಿಂದಿನ ಚಾಪೆಯೇ ಅವನ ಪಾಲಿನ ಚರ್ಚು.

ಇನ್ನು ನುಡಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೂತರು. ಬಾಸೆಲ್ ಮಿಷನ್ನಿನ ಮೊಗ್ಲಿಂಗ್ 1850ರಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಕಿಟ್ಟೆಲ್ 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿಗೆ ತಂದರು. ದೊಡ್ಡ ಕೆಲಸವೇ. ಆದರೆ ಅವರ ಕಿವಿ ಹೆಚ್ಚಾಗಿ ಓದು ಬಲ್ಲವರ ಕನ್ನಡದ ಕಡೆಗಿತ್ತು. ಕೇರಿಯ ಏಕತಾರಿ ಆರಾಧನೆಯೊಳಗೆ ಬರಲಿಲ್ಲ. ಇವತ್ತಿಗೂ ಪ್ರಾರ್ಥನೆಯ ಕನ್ನಡ ಸಂತೆಯಲ್ಲಿ ಆಡುವಂಥದ್ದಲ್ಲ. ನ್ಯಾಮತಿಯ ಸೂರಗೊಂಡನಕೊಪ್ಪಕ್ಕೆ ಫೆಬ್ರವರಿಯಲ್ಲಿ ನಡೆದು ಬರುವ ಬಂಜಾರರು ಸೇವಾಲಾಲರನ್ನು ತಮ್ಮ ಗೋರ್ ಬೋಲಿಯಲ್ಲೇ ಹಾಡುತ್ತಾರೆ. ಅಂಥ ತಾಂಡಾದ ಯಾಡಿಗೆ ಗ್ರಾಂಥಿಕ ಕನ್ನಡದಲ್ಲಿ ಉಪದೇಶ ಮಾಡಿದರೆ ಅದು ಯಾರನ್ನು ಮುಟ್ಟೀತು?

ಒಂದೇ ಒಂದು ಶಬ್ದ ನೋಡಿ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ, ಮತ್ತಾಯನ ಗ್ರೀಕ್ ಪಾಠದಲ್ಲಿ, ಮನ್ನಿಸು ಅಂತ ಬೇಡುವುದು ‘ಸಾಲ’ವನ್ನು. ನಮ್ಮ ಸಭೆಗಳ ಬಾಯಲ್ಲಿ ಅದು ಸಾಮಾನ್ಯವಾಗಿ ‘ತಪ್ಪು’ ಆಗಿದೆ. ಜೀತ ರದ್ದಾದದ್ದು 1976ರ ಕಾನೂನಿನಲ್ಲಿ, ಅಪ್ಪನ ಸಾಲಕ್ಕೆ ಮಗ ಜೀತಕ್ಕೆ ನಿಂತ ನೆನಪು ನಮ್ಮ ಕೇರಿಗಳಲ್ಲಿ ಇನ್ನೂ ಹಸಿ. ಅಲ್ಲಿ ‘ಸಾಲ’ ಅಂದು ನೋಡಿ, ಹಿಂದಿನ ಚಾಪೆ ತಲೆ ಎತ್ತುತ್ತೆ. ‘ತಪ್ಪು’ ಅಂದರೆ ತಲೆ ತಗ್ಗಿಸುತ್ತೆ. ತಗ್ಗಿಸಿ ಅವರಿಗೆ ಅಭ್ಯಾಸವಿದೆ.

ಕ್ಯಾಥೊಲಿಕರು ಇನ್ನೊಂದು ದಾರಿ ಹಿಡಿದರು. 1967ರಲ್ಲಿ ಬೆಂಗಳೂರಿನಲ್ಲಿ ಅಮಲೋರ್ಪವದಾಸರ ಮುಂದಾಳತ್ವದಲ್ಲಿ ರಾಷ್ಟ್ರೀಯ ಕೇಂದ್ರವೊಂದು ಶುರುವಾಯಿತು. 1969ರಲ್ಲಿ ರೋಮ್ ಹನ್ನೆರಡು ಭಾರತೀಯ ಮಾರ್ಪಾಡುಗಳಿಗೆ ಒಪ್ಪಿಗೆ ಕೊಟ್ಟಿತು: ನೆಲದ ಮೇಲೆ ಕೂರೋದು, ಕೈ ಮುಗಿಯೋದು, ಆರತಿ ಎತ್ತೋದು ಹೀಗೆ. ನೆಲದ ಮೇಲೆ ಕೂರೋದು ಸರಿ, ನಾವು ಕೂರೋದೇ ಅಲ್ಲಿ. ಆದರೆ ಆರತಿ ತಟ್ಟೆ? ಯಾವ ತಟ್ಟೆ ನನ್ನ ಅಜ್ಜನ ಹತ್ತಿರ ಬರದೆ ತಿರುಗಿ ಹೋಯ್ತೋ ಅದನ್ನೇ ಶಿಲುಬೆಯ ಮುಂದೆ ಕಂಡರೆ ಅವನಿಗೆ ಏನನ್ನಿಸಬೇಕು? ‘ಭಾರತೀಯ’ ಅಂದಾಗಲೆಲ್ಲ ಅಗ್ರಹಾರದ ಕಡೆ ನೋಡುವ ಚಾಳಿ ಇದು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಶೂದ್ರ ದೇವತಾಶಾಸ್ತ್ರದ ಮಾತೆತ್ತಿದಾಗ ಈ ಜಗಳ ಬಯಲಿಗೆ ಬಂತು. ಅಲ್ಲಿಂದಲೇ ದಲಿತ ದೇವತಾಶಾಸ್ತ್ರ ಬೆಳೆಯಿತು. ಅದು ಪುಸ್ತಕಕ್ಕೆ ಬಂದಷ್ಟು ಭಾನುವಾರಕ್ಕೆ ಬಂದಿಲ್ಲ ಅನ್ನೋದು ನನ್ನ ದೂರು.

ಅವರ ಕೈಯಲ್ಲೇ ಎಂಥ ವಸ್ತುಗಳಿವೆ! ಒಂದೇ ರೊಟ್ಟಿ, ಒಂದೇ ಬಟ್ಟಲು. ಹೋಟೆಲಲ್ಲಿ ನಮಗೆ ಬೇರೆ ಲೋಟ ಇಟ್ಟ ನಾಡಿನಲ್ಲಿ ಇದಕ್ಕಿಂತ ದೊಡ್ಡ ಬಂಡಾಯ ಯಾವುದು? ಕ್ರೈಸ್ತರೊಳಗೇ ಜಾತಿ ಬಿಡಿಸಲು ಬಿಷಪ್ ವಿಲ್ಸನ್ 1833ರಲ್ಲಿ ಸುತ್ತೋಲೆ ಕಳಿಸಬೇಕಾಯ್ತು, ತಮಿಳು ಸಭೆಗಳಲ್ಲಿ ಅದಕ್ಕೂ ಜಗಳವಾಯ್ತು. ಆದರೆ ಸಾಮಾನ್ಯವಾಗಿ ದೀಕ್ಷಾಸ್ನಾನ ಆಗದವನು ಆ ಮೇಜಿಗೆ ಹೋಗುವಂತಿಲ್ಲ. ಅದು ಅವರ ಶಿಸ್ತು, ನಾನು ಹೊರಗಿನವನು, ಮುರಿಯಿರಿ ಅನ್ನಲಾರೆ. ಆರಾಧನೆ ಮುಗಿದ ಮೇಲೆ ಎಲ್ಲರೂ ಒಂದೇ ಸಾಲಲ್ಲಿ ಕೂತು ಮುದ್ದೆ ಸಾರು ಉಣ್ಣಲು ಯಾವ ಶಿಸ್ತು ಅಡ್ಡ ಬರುತ್ತೆ? ಮೊದಲ ಕಾಲದ ಸಭೆಗಳಲ್ಲಿ ಅಂಥ ಊಟ ಇತ್ತು.

ಮತ್ತೆ ಪವಿತ್ರ ಗುರುವಾರ. ಅವತ್ತು ಫಾದರು ಬಗ್ಗಿ ಹನ್ನೆರಡು ಜನರ ಕಾಲು ತೊಳೆಯುತ್ತಾರೆ. 2016ರಿಂದ ಹೆಂಗಸರ ಕಾಲನ್ನೂ ತೊಳೆಯಬಹುದು. ಊರಿಗೆಲ್ಲ ಮೆಟ್ಟು ಹೊಲಿದು ತಾವು ಬರಿಗಾಲಲ್ಲಿ ನಡೆದವರ ಮೊಮ್ಮಗ ನಾನು. ಈ ಒಂದು ದೃಶ್ಯದ ಮುಂದೆ ನನ್ನ ಕವಿತೆ ಸಣ್ಣದು ಅಂತ ಒಪ್ಪುತ್ತೇನೆ. ಆ ಹನ್ನೆರಡು ಜನರನ್ನು ಆರಿಸುವಾಗ ಕಣ್ಣು ಹಿಂದಿನ ಚಾಪೆಯವರೆಗೂ ಬರುತ್ತಾ?

ಮುಂದಿನ ಭಾನುವಾರ ಜಗಳೂರಿಗೆ ಮತ್ತೆ ಹೋದೆ. ಅವ್ವ ಬಂದಿರಲಿಲ್ಲ. ಕೇಳಿದೆ. ಕೂಲಿ ಕೇಳೋಕೆ ಗೌಡ್ರ ಮನೆ ಹತ್ರ ಹೋಗಿದ್ದಾಳೆ ಅಂದರು.