ಭಗವತೀ ಆರಾಧನೆಯ 48 ನಿರ್ಯಾಪಕರು

ವಡ್ಡಾರಾಧನೆಯನ್ನು ಬಲ್ಲ ಕನ್ನಡ ಶ್ರಾವಕರು ಅನೇಕರು. ಅದರ 19 ಕಥೆಗಳಿಗೆ ಆಧಾರವಾದ ಗಾಹೆಗಳುಳ್ಳ ಭಗವತೀ ಆರಾಧನೆಯನ್ನು ಓದಿದವರು ವಿರಳ. ಶಿವಾರ್ಯರ ಆ ಪ್ರಾಕೃತ ಗ್ರಂಥ ಎರಡು ಸಾವಿರಕ್ಕೂ ಮಿಕ್ಕ ಗಾಹೆಗಳದ್ದು. ಗಾತ್ರಕ್ಕೆ ಅಳುಕಿದವರನ್ನು ದೂರುವಂತಿಲ್ಲ. ಆದರೆ ಇದರಿಂದ ಸಮಾಜಕ್ಕೆ ಒಂದು ನಷ್ಟವಾಗಿದೆ. ಕಥೆಗಳಲ್ಲಿ ಸುಕುಮಾರಸ್ವಾಮಿ, ಗಜಕುಮಾರರು ಘೋರ ವೇದನೆಯನ್ನು ಒಂಟಿಯಾಗಿ ಸಹಿಸುತ್ತಾರೆ. ನಮ್ಮ ಪ್ರವಚನಗಳು ಈ ಧೈರ್ಯವನ್ನೇ ಕೊಂಡಾಡುತ್ತವೆ. ಶಾಸ್ತ್ರವಾದರೋ ಹೆಚ್ಚಿನ ವಿಸ್ತಾರವನ್ನು ಕೊಟ್ಟಿರುವುದು ಪರರ ಸೇವೆಯನ್ನು ಸ್ವೀಕರಿಸುವ ಭಕ್ತಪ್ರತ್ಯಾಖ್ಯಾನಕ್ಕೆ.

ಅಲ್ಲಿ ಕ್ಷಪಕನಿಗೆ 48 ಮಂದಿ ನಿರ್ಯಾಪಕರು. ಎತ್ತಿ ಕೂರಿಸಿ ಮಗ್ಗುಲು ಬದಲಿಸಲು ನಾಲ್ವರು, ಧರ್ಮಕಥೆ ಹೇಳಲು ನಾಲ್ವರು, ಮಲಮೂತ್ರಗಳನ್ನು ತೆಗೆದು ಹಾಸಿಗೆಯನ್ನು ಶುದ್ಧಗೊಳಿಸಲು ನಾಲ್ವರು, ರಾತ್ರಿ ಎಚ್ಚರವಿರಲು ನಾಲ್ವರು; ಹೀಗೆಯೇ ಆಹಾರಕ್ಕೆ, ಪಾನಕ್ಕೆ, ಬಾಗಿಲು ಕಾಯುವುದಕ್ಕೆ. ಕಾಲದೋಷದಿಂದ ಅಷ್ಟು ಜನ ದೊರೆಯದಿದ್ದರೆ ಸಂಖ್ಯೆ ಇಳಿಯಬಹುದು, ಇಬ್ಬರಿಗಿಂತ ಕೆಳಗಿಳಿಯಕೂಡದು. ಒಬ್ಬನೇ ಆದರೆ ಅವನು ಭಿಕ್ಷೆಗೆ ಹೋದಾಗ ಕ್ಷಪಕ ಅನಾಥ. ಹೋಗದಿದ್ದರೆ ಅವನೇ ಕುಸಿಯುತ್ತಾನೆ. ವರ್ಷಗಟ್ಟಲೆ ಹಾಸಿಗೆ ಹಿಡಿದ ಅತ್ತೆಯನ್ನು ಒಬ್ಬ ಸೊಸೆಯ ಕೈಗೊಪ್ಪಿಸಿ ನಿಶ್ಚಿಂತರಾದ ಮನೆಗಳು ಈ ಲೆಕ್ಕವನ್ನು ಪರಿಶೀಲಿಸಬೇಕು.

ಧರ್ಮಕಥೆಯಲ್ಲಿಯೂ ವಿವೇಚನೆಯಿದೆ. ಪರಮತವನ್ನು ಮಂಡಿಸಿ ಅನಂತರ ಖಂಡಿಸುವ ವಿಕ್ಷೇಪಣೀ ಕಥೆ ಕ್ಷಪಕನಿಗೆ ಸಲ್ಲದು. ಪೂರ್ವಪಕ್ಷದ ನಡುವೆಯೇ ಆಯುಷ್ಯ ಮುಗಿದರೆ ಅವನು ಸಂಶಯದಲ್ಲಿ ಸಾಯುತ್ತಾನೆ. ಹೇಳುವವನ ಪಾಂಡಿತ್ಯಕ್ಕಿಂತ ಕೇಳುವವನ ಸ್ಥಿತಿಯೇ ಇಲ್ಲಿ ಪ್ರಮಾಣ. ಗಾಯಕರು, ನರ್ತಕರು, ಗಾಣ, ಕುದುರೆಲಾಯಗಳ ಸಮೀಪ ವಸತಿಯೂ ನಿಷಿದ್ಧ. (ಧ್ವನಿವರ್ಧಕವನ್ನು ಆಚಾರ್ಯರು ಕಂಡಿದ್ದರೆ ಅದನ್ನೂ ಸೇರಿಸುತ್ತಿದ್ದರು.) ಧೈರ್ಯಗೆಟ್ಟ ಕ್ಷಪಕನಿಗೆ ಕಟುನುಡಿಯನ್ನಾಡುವುದನ್ನೂ ಹೆದರಿಸುವುದನ್ನೂ ಗ್ರಂಥ ನಿಷೇಧಿಸುತ್ತದೆ.

ಇಷ್ಟಾದರೂ ಗ್ರಂಥಕ್ಕೆ ಮಿತಿಯುಂಟು. ಇದು ಮುನಿಸಂಘವನ್ನು ಕುರಿತದ್ದು. ಕ್ಷಪಕನು ತಾನೇ ಬೇಡಿ, ಗುರುವಿನ ಪರೀಕ್ಷೆಗೊಳಗಾಗಿ ವ್ರತವನ್ನು ಪಡೆದವನು. ಕ್ಯಾನ್ಸರಿನ ನೋವಿನಿಂದ ನರಳುವ ಗೃಹಸ್ಥ ಯಾವ ವ್ರತವನ್ನೂ ಬೇಡಿಲ್ಲ. ವೈದ್ಯವೇಷದ ದೇವನನ್ನು ಸನತ್ಕುಮಾರ ಮುನಿ ಹಿಂದಿರುಗಿಸಿದ ಕಥೆಯನ್ನು ಹೇಳಿ ಅಂಥವನಿಗೆ ಮಾರ್ಫಿನ್ ತಪ್ಪಿಸುವುದು ಆ ಕಥೆಗೂ ಅಪಚಾರ, ರೋಗಿಗೂ ಅಪಚಾರ. ಗುಣವಾಗದೆಂದು ವೈದ್ಯರು ತಿಳಿಸಿದ ಮೇಲೂ, ಮಾತನಾಡಬಲ್ಲ ತಂದೆಯನ್ನು ಒಂದು ಮಾತೂ ಕೇಳದೆ, ನೆಂಟರ ನಿಂದೆಗೆ ಅಂಜಿ ಮಕ್ಕಳು ಅವನನ್ನು ಉಸಿರಾಟದ ಯಂತ್ರಕ್ಕೆ ಒಪ್ಪಿಸುವುದೂ ಇದರ ಇನ್ನೊಂದು ಮುಖವೇ. ಮುಂಗಡವಾಗಿ ತನ್ನ ಇಚ್ಛೆಯನ್ನು ಬರೆದಿಡುವ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಅಂಗೀಕರಿಸಿತು. 2023ರಲ್ಲಿ ವಿಧಾನವನ್ನು ಸರಳಗೊಳಿಸಿದ್ದರಿಂದ ಇಬ್ಬರು ಸಾಕ್ಷಿಗಳೆದುರು ರುಜು ಮಾಡಿ ನೋಟರಿಯಿಂದ ದೃಢೀಕರಿಸಿದರೆ ಸಾಕು. ಇದನ್ನು ಸಲ್ಲೇಖನೆಯೊಡನೆ ಬೆರೆಸಬಾರದು. ಆದರೆ ಆಸ್ತಿಯ ಉಯಿಲನ್ನು ಮರೆಯದ ನಮ್ಮ ಹಿರಿಯರು ಈ ಪತ್ರವನ್ನು ಅಪಶಕುನವೆಂದು ದೂರವಿಡುತ್ತಾರೆ.

ಬೆಂಗಳೂರಿನ ಕರುಣಾಶ್ರಯದಲ್ಲಿ 1999ರಿಂದ, ಗುಣವಾಗುವ ಆಸೆಯಿಲ್ಲದ ಕ್ಯಾನ್ಸರ್ ರೋಗಿಗಳಿಗೆ ಶುಲ್ಕವಿಲ್ಲದೆ ಶುಶ್ರೂಷೆ ನಡೆಯುತ್ತಿದೆ. ಅಲ್ಲಿನ ದಾದಿಯರ ಕೆಲಸದ ಪಟ್ಟಿಯನ್ನು ಶಿವಾರ್ಯರ ಪಟ್ಟಿಯ ಪಕ್ಕದಲ್ಲಿಟ್ಟರೆ ಮಗ್ಗುಲು ಬದಲಿಸುವುದು, ಶುಚಿಗೊಳಿಸುವುದು, ರಾತ್ರಿಯ ಎಚ್ಚರ ಎರಡರಲ್ಲಿಯೂ ಕಾಣುತ್ತವೆ. ವಡ್ಡಾರಾಧನೆಯ ಮುದ್ರಣಕ್ಕೆ ನೆರವಾಗುವ ಬಸದಿಗಳ ಟ್ರಸ್ಟುಗಳು ನಿರ್ಯಾಪಕರ ಗಾಹೆಗಳನ್ನಷ್ಟೇ ಸರಳ ಕನ್ನಡದಲ್ಲಿ ಕಿರುಹೊತ್ತಗೆಯಾಗಿ ತರಬಹುದು. ರಾತ್ರಿ ಎಚ್ಚರವಿರುವ ಆ ನಾಲ್ವರನ್ನು ಊರೂರಿನ ಯುವಕ ಮಂಡಳಿಗಳು ಒದಗಿಸಲಿ.