ಧ್ರುವಪ್ರಭೆಯ ಕಥನಗಳು: ಶಕುನ, ನಿಷೇಧ ಮತ್ತು ತೌಲನಿಕ ಅಧ್ಯಯನದ ಹೊಣೆ

1

ಭೂಮಿಯ ಎರಡೂ ಧ್ರುವಗಳ ಸುತ್ತಲಿನ ಆಕಾಶದಲ್ಲಿ ರಾತ್ರಿಯ ಹೊತ್ತು ಕಾಣಿಸಿಕೊಳ್ಳುವ, ಪರದೆಯಂತೆ ಅಲುಗುವ ಬೆಳಕಿಗೆ ಧ್ರುವಪ್ರಭೆ ಎಂದು ಹೆಸರು. ಸೂರ್ಯನಿಂದ ಹೊಮ್ಮುವ ವಿದ್ಯುದಾವಿಷ್ಟ ಕಣಗಳು ಭೂಮಿಯ ಕಾಂತಕ್ಷೇತ್ರದ ಪ್ರಭಾವಕ್ಕೆ ಒಳಗಾಗಿ ಮೇಲಿನ ವಾತಾವರಣದ ಆಮ್ಲಜನಕ, ಸಾರಜನಕಗಳನ್ನು ತಾಡಿಸಿದಾಗ ಈ ಬೆಳಕು ಹುಟ್ಟುತ್ತದೆಂಬುದು ಇಂದಿನ ವಿಜ್ಞಾನದ ವಿವರಣೆ. ಈ ವಿವರಣೆ ಒದಗುವುದಕ್ಕೆ ಶತಮಾನಗಳ ಮೊದಲೇ ಆ ಬೆಳಕಿನ ಕೆಳಗೆ ಬದುಕು ಕಟ್ಟಿಕೊಂಡ ಜನವರ್ಗಗಳು ಅದಕ್ಕೆ ಹೆಸರು, ಕಥೆ, ವಿಧಿನಿಷೇಧಗಳನ್ನು ರೂಪಿಸಿಕೊಂಡಿದ್ದವು.

ಈ ಸಾಮಗ್ರಿ ಇಂದು ಓದುಗರಿಗೆ ದೊರೆಯುತ್ತಿರುವ ರೂಪ ಮಾತ್ರ ಆಕ್ಷೇಪಾರ್ಹವಾಗಿದೆ. ವಾಲ್ಕಿರಿಯರ ಕವಚ, ನರಿಯ ಬಾಲ, ಪ್ರೇತಗಳ ಚೆಂಡಾಟ, ಯುದ್ಧದ ಮುನ್ಸೂಚನೆ ಎಂದು ಹತ್ತಾರು ನಂಬಿಕೆಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಜೋಡಿಸಿಡುವ ಸಂಕಲನಗಳು ಎಲ್ಲ ಭಾಷೆಗಳಲ್ಲೂ ಪ್ರಕಟವಾಗುತ್ತಿವೆ. ಯಾರು ಹೇಳಿದರು, ಯಾರಿಗೆ ಹೇಳಿದರು, ಯಾವಾಗ ದಾಖಲಾಯಿತು ಎಂಬ ಪ್ರಶ್ನೆಗಳು ಅಲ್ಲಿ ಏಳುವುದೇ ಇಲ್ಲ. ಸ್ಟಿತ್ ಥಾಮ್ಸನ್ ಅವರ ಆಶಯ ಸೂಚಿಯಲ್ಲಿ ಉತ್ತರದ ಬೆಳಕಿನ ಹುಟ್ಟಿಗೆ ಎ 795 ಎಂಬ ಸಂಖ್ಯೆ ಇದೆ. ಸಂಖ್ಯೆಯೊಂದರ ಕೆಳಗೆ ಬಂದ ಮಾತ್ರಕ್ಕೆ ಕಥೆಗಳು ಒಂದೇ ಅರ್ಥವನ್ನು ಹೊಂದಿರುವುದಿಲ್ಲ. ಸೂಚಿಯು ಹುಡುಕಾಟದ ಸಾಧನವೇ ಹೊರತು ಅಧ್ಯಯನದ ಫಲಿತವಲ್ಲ. ದೂರದ ಆಕಾಶದಲ್ಲಿ ಬೆಳಕನ್ನು ಅಪರೂಪಕ್ಕೆ ಕಂಡವರಲ್ಲಿ ಹುಟ್ಟಿದ್ದು ಶಕುನ. ಅದನ್ನು ನಿತ್ಯವೂ ಕಂಡವರಲ್ಲಿ ಬೆಳೆದದ್ದು ನಡವಳಿಕೆಯ ನಿಯಮ. ಈ ಮೂಲಭೂತ ವ್ಯತ್ಯಾಸವನ್ನು ಸಂಕಲನಗಳು ಅಳಿಸಿಹಾಕುತ್ತಿರುವುದನ್ನು ಕೆಲವು ನಿದರ್ಶನಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಮೊದಲು ಹೆಚ್ಚು ಪ್ರಚಾರದಲ್ಲಿರುವ ಕಥೆಯನ್ನೇ ಗಮನಿಸಬಹುದು. ರಣಭೂಮಿಯಲ್ಲಿ ಮಡಿದ ವೀರರನ್ನು ಓಡಿನ್ ದೇವತೆಯ ಸಭೆಗೆ ಕರೆದೊಯ್ಯುವ ವಾಲ್ಕಿರಿಯರ ಕವಚಗಳಿಂದ ಚಿಮ್ಮುವ ಕಾಂತಿಯೇ ಧ್ರುವಪ್ರಭೆ ಎಂದು ಪ್ರಾಚೀನ ನಾರ್ಸ್ ಜನರು ನಂಬಿದ್ದರೆಂದು ಹೇಳಲಾಗುತ್ತದೆ. ಇದನ್ನು ಜನಪ್ರಿಯಗೊಳಿಸಿದ ಕೃತಿ ಅಮೆರಿಕದ ಥಾಮಸ್ ಬುಲ್ಫಿಂಚ್ 1855ರಲ್ಲಿ ಪ್ರಕಟಿಸಿದ 'ದಿ ಏಜ್ ಆಫ್ ಫೇಬಲ್'. ಬುಲ್ಫಿಂಚ್ ಇದಕ್ಕೆ ಯಾವ ಆಕರವನ್ನೂ ಸೂಚಿಸಿಲ್ಲ. ಎಡ್ಡಾಗಳಲ್ಲಾಗಲಿ ಸಾಗಾಗಳಲ್ಲಾಗಲಿ ಈ ನಂಬಿಕೆಗೆ ಸ್ಪಷ್ಟ ಆಧಾರ ದೊರೆಯುವುದಿಲ್ಲ. ಎಡ್ಡಾ ಕಾವ್ಯವೊಂದರಲ್ಲಿ ವಾಲ್ಕಿರಿಯರ ಭರ್ಜಿಗಳಿಂದ ಕಿರಣಗಳು ಹೊಮ್ಮುವ ವರ್ಣನೆ ಇದೆಯಾದರೂ ಅದು ಉತ್ತರದ ಬೆಳಕೆಂದು ಕವಿ ಹೇಳಿಲ್ಲ. ಹತ್ತೊಂಬತ್ತನೆಯ ಶತಮಾನದ ಸಾಹಿತ್ಯಕ ಕಲ್ಪನೆಯೊಂದು ಹೀಗೆ ಸಾವಿರ ವರ್ಷಗಳ ಹಿಂದಿನ ಜನರ ನಂಬಿಕೆಯಾಗಿ ಚಲಾವಣೆಗೆ ಬಂದಿದೆ.

ಅದೇ ನಾರ್ಸ್ ಭಾಷೆಯಲ್ಲಿ ಈ ಬೆಳಕನ್ನು ಕುರಿತ ನೈಜ ದಾಖಲೆ ಇದೆ. ಸುಮಾರು 1250ರಲ್ಲಿ ನಾರ್ವೆಯಲ್ಲಿ ರಚಿತವಾದ 'ಕೊನುಂಗ್ಸ್ ಸ್ಕುಗ್ಸ್ಯಾ', ಅಂದರೆ 'ರಾಜದರ್ಪಣ', ತಂದೆ ಮಗನ ಸಂವಾದರೂಪದ ಗ್ರಂಥ. ಗ್ರೀನ್‌ಲ್ಯಾಂಡಿನ ವಿಚಾರ ಹೇಳುವಾಗ ತಂದೆಯು ಅಲ್ಲಿನವರು 'ಉತ್ತರದ ಬೆಳಕು' ಎಂದು ಕರೆಯುವ ವಿದ್ಯಮಾನವನ್ನು ವಿವರಿಸಿ, ಅದರ ಕಾರಣದ ಬಗ್ಗೆ ಮೂರು ಊಹೆಗಳನ್ನು ಮುಂದಿಡುತ್ತಾನೆ: ಭೂಮಿಯನ್ನು ಸುತ್ತುವರಿದ ಸಾಗರದ ಆಚೆ ಬೆಂಕಿ ಇದ್ದು ಅದರ ಪ್ರಕಾಶ ಕಾಣುತ್ತಿರಬಹುದು, ಮುಳುಗಿದ ಸೂರ್ಯನ ಕಿರಣಗಳು ಕೆಳಗಿನಿಂದ ಆಕಾಶಕ್ಕೆ ತಾಗುತ್ತಿರಬಹುದು, ಇಲ್ಲವೆ ಹಿಮ ಮತ್ತು ಹಿಮನದಿಗಳೇ ಈ ಜ್ವಾಲೆಯನ್ನು ಹೊಮ್ಮಿಸುತ್ತಿರಬಹುದು. ಇವು ಇಂದು ಸರಿಯಲ್ಲದಿರಬಹುದು. ಆದರೆ ಇಲ್ಲಿ ದೇವತೆಗಳಿಲ್ಲ, ವೀರರಿಲ್ಲ, ಭಯವೂ ಇಲ್ಲ. ಕಂಡದ್ದನ್ನು ಕಂಡಂತೆ ಹೇಳಿ, ಕಾರಣವನ್ನು ಪ್ರಕೃತಿಯಲ್ಲಿಯೇ ಅರಸುವ ಮನೋಧರ್ಮವಿದೆ. ಸಂಕಲನಕಾರರು ಈ ಪಾಠವನ್ನು ಕೈಬಿಟ್ಟು ಇಲ್ಲದ ಪುರಾಣವನ್ನು ಎತ್ತಿಕೊಂಡಿರುವುದು ಆಕಸ್ಮಿಕವಲ್ಲ. ಪ್ರಾಚೀನರು ಕಥೆಯನ್ನಷ್ಟೇ ಕಟ್ಟಬಲ್ಲರು, ವಿಚಾರ ಮಾಡಲಾರರು ಎಂಬ ಪೂರ್ವಗ್ರಹ ಈ ಆಯ್ಕೆಯ ಹಿಂದೆ ಕೆಲಸ ಮಾಡಿದೆ.

3

ಧ್ರುವಪ್ರಭೆಯ ಬಣ್ಣ ನೋಡುವವನ ನೆಲವನ್ನು ಅವಲಂಬಿಸಿದೆ. ಸುಮಾರು 100 ಕಿ.ಮೀ.ಗಿಂತ ಮೇಲೆ ಆಮ್ಲಜನಕದಿಂದ ಹಸಿರು ಬೆಳಕು ಹೊಮ್ಮಿದರೆ, 200 ಕಿ.ಮೀ.ಗೂ ಎತ್ತರದಲ್ಲಿ ಅದೇ ಆಮ್ಲಜನಕ ಕೆಂಪು ಬೆಳಕನ್ನು ಸೂಸುತ್ತದೆ. ಧ್ರುವಪ್ರದೇಶದಲ್ಲಿ ಬೆಳಕು ನೆತ್ತಿಯ ಮೇಲೆಯೇ ಇರುವುದರಿಂದ ಹಸಿರು ಪರದೆಯ ಚಲನೆ ಸ್ಪಷ್ಟವಾಗಿ ಕಾಣುತ್ತದೆ. ಧ್ರುವದಿಂದ ದೂರದ ನಾಡುಗಳಲ್ಲಿ, ಭೂಮಿಯ ಬಾಗಿನಿಂದಾಗಿ ಕೆಳಭಾಗ ದಿಗಂತದ ಮರೆಗೆ ಸರಿದು, ಮೇಲ್ಭಾಗದ ಕೆಂಪು ಮಾತ್ರ ಉಳಿಯುತ್ತದೆ. ಅದೂ ತೀವ್ರವಾದ ಸೌರಚಂಡಮಾರುತಗಳ ಸಂದರ್ಭದಲ್ಲಿ ಮಾತ್ರ, ತಲೆಮಾರಿಗೊಮ್ಮೆ ಇಮ್ಮೆ. ದಿಗಂತದಲ್ಲಿ ಅನಿರೀಕ್ಷಿತವಾಗಿ ಏಳುವ ಕೆಂಪು ಬೆಂಕಿಯನ್ನೋ ರಕ್ತವನ್ನೋ ನೆನಪಿಸುವುದು ಸಹಜ.

ದಾಖಲೆಗಳು ಇದನ್ನು ಸಮರ್ಥಿಸುತ್ತವೆ. ಟೈಬೀರಿಯಸ್ ಚಕ್ರವರ್ತಿಯ ಕಾಲದಲ್ಲಿ ಆಕಾಶದ ಕೆಂಪನ್ನು ಕಂಡು ಓಸ್ಟಿಯಾ ಪಟ್ಟಣಕ್ಕೆ ಬೆಂಕಿ ಬಿದ್ದಿದೆಯೆಂದು ರೋಮನ್ ಸೈನಿಕರು ನೆರವಿಗೆ ಧಾವಿಸಿದ್ದನ್ನು ತತ್ವಜ್ಞಾನಿ ಸೆನೆಕ ಬರೆದಿದ್ದಾನೆ. ಜಪಾನಿನ 'ನಿಹೊನ್ ಶೋಕಿ' ವೃತ್ತಾಂತದಲ್ಲಿ 620ರ ವರ್ಷ ಆಕಾಶದಲ್ಲಿ ಕಾಡುಕೋಳಿಜಾತಿಯ ಹಕ್ಕಿಯೊಂದರ ಬಾಲದ ಆಕಾರದ ಕೆಂಪು ಚಿಹ್ನೆ ಕಾಣಿಸಿತೆಂಬ ದಾಖಲೆ ಇದ್ದು, ವಿದ್ವಾಂಸರು ಅದನ್ನು ಧ್ರುವಪ್ರಭೆಯೆಂದು ಗುರುತಿಸಿದ್ದಾರೆ. 1938ರ ಜನವರಿ 25ರಂದು ಯೂರೋಪಿನ ಬಹುಭಾಗದಲ್ಲಿ ಕಂಡ ಕೆಂಪು ಪ್ರಭೆಯನ್ನು ಬೆಂಕಿಯ ಅನಾಹುತವೆಂದು ಭ್ರಮಿಸಿದವರಿದ್ದರು. ಮರುವರ್ಷ ಮಹಾಯುದ್ಧ ಆರಂಭವಾದ ಮೇಲೆ ಅದು ಯುದ್ಧದ ಮುನ್ಸೂಚನೆಯೆಂಬ ಅರ್ಥವನ್ನು ಪಡೆಯಿತು. ಶಕುನವು ಎಷ್ಟೋ ವೇಳೆ ಘಟನೆಯ ನಂತರವೇ ಶಕುನವಾಗುತ್ತದೆ ಎಂಬುದಕ್ಕೆ ಇದು ಉತ್ತಮ ನಿದರ್ಶನ. ದಕ್ಷಿಣ ಗೋಳಾರ್ಧದಲ್ಲಿಯೂ ಸ್ಥಿತಿ ಭಿನ್ನವಲ್ಲ. ಆಸ್ಟ್ರೇಲಿಯಾದ ಮೂಲನಿವಾಸಿಗಳ ಪರಂಪರೆಗಳಲ್ಲಿ ಧ್ರುವಪ್ರಭೆ ಬೆಂಕಿ, ರಕ್ತ, ಸಾವುಗಳೊಂದಿಗೆ ಹೆಣೆದುಕೊಂಡಿರುವುದನ್ನು ಡ್ಯುಯೇನ್ ಹಮಾಕರ್ 2013ರ ತಮ್ಮ ಅಧ್ಯಯನದಲ್ಲಿ ತೋರಿಸಿದ್ದಾರೆ.

ಭಾರತದ ಆಕಾಶವೂ ಇದಕ್ಕೆ ಹೊರತಲ್ಲ. 2024ರ ಮೇ 10ರ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯದ ಕ್ಯಾಮೆರಾಗಳು ಸೆರೆಹಿಡಿದದ್ದು ಇಂಥದೇ ಕೆಂಪು ಪ್ರಭೆಯನ್ನು. ಸ್ವೀಡನ್ನಿನ ಜಾನಪದ ವಿದ್ವಾಂಸ ಕಾರ್ಲ್ ವಿಲ್‌ಹೆಲ್ಮ್ ಫಾನ್ ಸಿಡೋ ಸಸ್ಯಶಾಸ್ತ್ರದಿಂದ ಎರವಲು ಪಡೆದು, ಒಂದೇ ಕಥೆ ನೆಲದಿಂದ ನೆಲಕ್ಕೆ ಬೇರೆ ಬೇರೆ ಪ್ರಾದೇಶಿಕ ರೂಪ ತಾಳುತ್ತದೆಂಬ ಪರಿಕಲ್ಪನೆಯನ್ನು ಮಂಡಿಸಿದರು. ಧ್ರುವಪ್ರಭೆಯ ವಿಷಯದಲ್ಲಿ ಕಥೆಯಷ್ಟೇ ಅಲ್ಲ, ಕಥೆಗೆ ಕಾರಣವಾದ ದೃಶ್ಯವೇ ನೆಲದಿಂದ ನೆಲಕ್ಕೆ ಬದಲಾಗುತ್ತದೆ. ರೋಮ್ ಮತ್ತು ಜಪಾನಿನ ದಾಖಲೆಗಳ ನಡುವಿನ ಸಾಮ್ಯಕ್ಕೆ ಕಥೆಯ ಪ್ರಸರಣವನ್ನಾಗಲಿ ಮಾನವ ಮನಸ್ಸಿನ ಏಕತೆಯನ್ನಾಗಲಿ ಕಾರಣವೆಂದು ಹೇಳುವ ಮೊದಲು, ಇಬ್ಬರೂ ಕಂಡದ್ದು ಕೆಂಪನ್ನೇ ಎಂಬ ಸರಳ ಸಂಗತಿಯನ್ನು ಪರಿಗಣಿಸಬೇಕಾಗುತ್ತದೆ.

4

ಉತ್ತರಮೇರುವಿನ ಜನರ ಕಥನಗಳು ಬೇರೆಯೇ ಲೋಕಕ್ಕೆ ಸೇರಿದವು. ಅಲ್ಲಿ ಚಳಿಗಾಲದ ದೀರ್ಘ ರಾತ್ರಿಗಳಲ್ಲಿ ಈ ಬೆಳಕು ಸುದ್ದಿಯಲ್ಲ, ನೆರೆಹೊರೆ. ಗ್ರೀನ್‌ಲ್ಯಾಂಡಿನ ಇನುಯಿಟ್ ಭಾಷೆಯಲ್ಲಿ ಅದರ ಹೆಸರಿಗೆ 'ಚೆಂಡಾಡುವವರು' ಎಂದೇ ಅರ್ಥ. ಸತ್ತವರ ಆತ್ಮಗಳು ವಾಲ್ರಸ್ ಎಂಬ ಕಡಲಪ್ರಾಣಿಯ ತಲೆಬುರುಡೆಯನ್ನು ಚೆಂಡಾಗಿಸಿಕೊಂಡು ಆಡುವ ಆಟವೇ ಆ ಬೆಳಕು. ಗ್ರೀನ್‌ಲ್ಯಾಂಡಿನಲ್ಲಿ ಹುಟ್ಟಿ ಆ ಭಾಷೆಯನ್ನು ಬಾಲ್ಯದಿಂದಲೇ ಬಲ್ಲ ಕ್ನೂಡ್ ರಾಸ್ಮುಸ್ಸೆನ್ 1921ರಿಂದ 1924ರವರೆಗೆ ನಡೆಸಿದ ಐದನೆಯ ಥೂಲೆ ಯಾತ್ರೆಯಲ್ಲಿ ಇಗ್ಲೂಲಿಕ್ ಜನರಿಂದ ಸಂಗ್ರಹಿಸಿದ ಪಾಠಗಳ ಪ್ರಕಾರ, ಈ ಆಟಗಾರರು ಸಾಮಾನ್ಯ ಮೃತರಲ್ಲ. ನೀರಿನಲ್ಲಿ ಮುಳುಗಿದವರು, ಕೊಲೆಗೀಡಾದವರು. ಅವರಿಗೆ ದೊರೆಯುವುದು 'ಹಗಲಿನ ನಾಡು'. ಹಿಮಗಡಲಿನ ಮೇಲೆ ಬೇಟೆಯಾಡಿ ಬದುಕುವ ಸಮಾಜದಲ್ಲಿ ಅಪಮೃತ್ಯು ನಿತ್ಯದ ಸಾಧ್ಯತೆ. ಶವವೂ ಸಿಗದ ಬೇಟೆಗಾರನ ಮನೆಯವರಿಗೆ ಈ ಕಥೆ ಏನನ್ನು ಕೊಟ್ಟಿರಬಹುದೆಂಬುದನ್ನು ವಿವರಿಸಬೇಕಿಲ್ಲ.

ಅಲಾಸ್ಕಾದ ನುನಿವಾಕ್ ದ್ವೀಪದಲ್ಲಿ ಇದೇ ಕಥೆ ತಿರುವುಮುರುವಾಗಿದೆ. ಅಲ್ಲಿ ಆಡುವವು ವಾಲ್ರಸ್‌ಗಳ ಆತ್ಮಗಳು. ಚೆಂಡು ಮನುಷ್ಯನ ಬುರುಡೆ. ಸಂಕಲನಗಳು ಇದನ್ನು ವಿಚಿತ್ರವೆಂಬಂತೆ ಉಲ್ಲೇಖಿಸಿ ಮುಂದೆ ಸಾಗುತ್ತವೆ. ಕೊಲ್ಲುವವನು ಮತ್ತು ಕೊಲ್ಲಲ್ಪಡುವ ಪ್ರಾಣಿಯ ನಡುವಿನ ಋಣಸಂಬಂಧವನ್ನು ಗಂಭೀರವಾಗಿ ಪರಿಗಣಿಸಿದ ಬೇಟೆಗಾರ ಸಮುದಾಯದಲ್ಲಿ ಈ ಪಲ್ಲಟ ವಿಚಿತ್ರವಲ್ಲ. ಎರಡು ಪಾಠಗಳನ್ನೂ ಒಟ್ಟಿಗೆ ಇಟ್ಟು ಓದಿದಾಗ ಮಾತ್ರ ಕಥೆಯ ನೈತಿಕ ವಿನ್ಯಾಸ ಪೂರ್ಣವಾಗುತ್ತದೆ ಎನ್ನಬಹುದು.

ಇದೇ ಆಶಯ ಉತ್ತರ ಯೂರೋಪಿನ ಸಾಮಿ ಜನರಲ್ಲಿ ಇನ್ನೊಂದು ದಿಕ್ಕು ಹಿಡಿದಿದೆ. ಅವರಲ್ಲಿ ಸ್ಕೋಲ್ಟ್ ಸಾಮಿಗಳ ಪ್ರಕಾರ ಬೆಳಕಿನಲ್ಲಿರುವವರು ಹಿಂಸೆಯಿಂದ ಸತ್ತವರೇ. ಆದರೆ ಅವರು ಅಲ್ಲಿಯೂ ಪರಸ್ಪರ ಇರಿದುಕೊಳ್ಳುತ್ತಾರೆ, ಕಾಣುವುದು ಅವರ ರಕ್ತ. ಇಗ್ಲೂಲಿಕ್ ಜನರಲ್ಲಿ ಅಪಮೃತ್ಯುವಿಗೆ ಬಿಡುಗಡೆ ಇದ್ದರೆ ಇಲ್ಲಿ ಅದಕ್ಕೆ ಕೊನೆಯಿಲ್ಲ. 'ಬೆಳಕಿನಲ್ಲಿ ಸತ್ತವರು' ಎಂಬ ಒಂದೇ ಶೀರ್ಷಿಕೆಯ ಕೆಳಗೆ ಇವೆರಡನ್ನೂ ಸೇರಿಸಿದರೆ ಉಳಿಯುವುದು ಆಶಯ, ಕಳೆದುಹೋಗುವುದು ಅರ್ಥ.

ಈ ಸಮುದಾಯಗಳಲ್ಲಿ ಕಥೆಗಿಂತ ಮುಖ್ಯವಾದದ್ದು ನಡವಳಿಕೆ. ಬೆಳಕಿನತ್ತ ಸಿಳ್ಳೆ ಹಾಕಬಾರದು, ಅದನ್ನು ಅಣಕಿಸಬಾರದು, ಅಣಕಿಸಿದರೆ ಅದು ಕೆಳಗಿಳಿದು ಬರುತ್ತದೆ ಎಂಬುದು ಸಾಮಿಗಳ ನಿಷೇಧ. ಲ್ಯಾಬ್ರಡಾರ್ ಇನುಯಿಟರನ್ನು ಕುರಿತು 1916ರಲ್ಲಿ ಬರೆದ ಅರ್ನೆಸ್ಟ್ ಹಾಕ್ಸ್, ಬೆಳಕಿನಿಂದ ಬರುವ ಸಿಳ್ಳೆಯಂಥ ಸದ್ದು ಆತ್ಮಗಳ ದನಿಯೆಂದೂ ಅದಕ್ಕೆ ಪಿಸುಮಾತಿನಲ್ಲಿ ಉತ್ತರಿಸಬೇಕೆಂದೂ ಅಲ್ಲಿನ ಜನ ಭಾವಿಸಿದ್ದನ್ನು ದಾಖಲಿಸಿದ್ದಾರೆ. ಒಂದೆಡೆ ಮೌನ, ಇನ್ನೊಂದೆಡೆ ಪಿಸುಮಾತು; ಎರಡೂ ಮರ್ಯಾದೆಯ ರೂಪಗಳು. ರೋಮನ್ ಸೈನಿಕನ ಭಯಕ್ಕೂ ಈ ಅಂಜಿಕೆಗೂ ಸಂಬಂಧವಿಲ್ಲ. ಅವನದು ಏನಾಯಿತೋ ಎಂಬ ಆತಂಕ. ಇವರದು ಹೇಗೆ ನಡೆದುಕೊಳ್ಳಬೇಕೆಂಬ ಎಚ್ಚರ. ರಾತ್ರಿ ಸಿಳ್ಳೆ ಹಾಕಿದರೆ ಹಾವು ಬರುತ್ತದೆಂಬ ಕರ್ನಾಟಕದ ಹಳ್ಳಿಗಳ ನಂಬಿಕೆಯೊಡನೆ ಇದನ್ನು ಹೋಲಿಸುವ ಆಸೆ ಯಾರಿಗಾದರೂ ಆಗಬಹುದು. ನಿಷೇಧದ ಹೊರರೂಪ ಒಂದೇ ಆದರೂ ಅದು ಕಾಯುವ ಸಂಬಂಧ ಬೇರೆ. ಹೋಲಿಕೆ ಅಲ್ಲಿಗೇ ನಿಲ್ಲಬೇಕು.

ಹೆಸರುಗಳೂ ಕಸುಬನ್ನು ಸಾರುತ್ತವೆ. ಫಿನ್ನಿಶ್ ಭಾಷೆಯಲ್ಲಿ ಇದು 'ನರಿಬೆಂಕಿ'. ಹಿಮದ ಮೇಲೆ ಓಡುವ ನರಿಯ ಬಾಲದಿಂದ ಕಿಡಿ ಹಾರುತ್ತದೆಂಬುದು ಅದಕ್ಕೆ ಜೋಡಿಸಿದ ಕಥೆ. ಸ್ವೀಡನ್ನಿನ ಹಳೆಯ ಆಡುಮಾತಿನಲ್ಲಿ 'ಹೆರಿಂಗ್ ಮೀನಿನ ಮಿಂಚು'. ಕಡಲಲ್ಲಿ ಮೀನಿನ ಹಿಂಡು ಹೊಳೆದು ಆಕಾಶದಲ್ಲಿ ಪ್ರತಿಫಲಿಸಿತೆಂಬ ಭಾವ. ಒಂದು ತುಪ್ಪುಳಿನ ಬೇಟೆಯ ಕಾಡಿಗೆ, ಇನ್ನೊಂದು ಬಲೆ ಬೀಸುವ ಕರಾವಳಿಗೆ ಹೊಂದುವ ಮಾತು.

5

ವಕ್ತೃಗಳ ಮಾತನ್ನು ಲಘುವಾಗಿ ಕಾಣುವುದರ ಅಪಾಯಕ್ಕೆ ಧ್ರುವಪ್ರಭೆಯ ಸದ್ದಿನ ಪ್ರಶ್ನೆ ಸಾಕ್ಷಿ. ಬೆಳಕಿನೊಡನೆ ಚಟಪಟ ಸದ್ದು ಕೇಳುತ್ತದೆಂದು ಉತ್ತರದ ಜನ ತಲೆಮಾರುಗಳಿಂದ ಹೇಳುತ್ತ ಬಂದಿದ್ದರು. ನೂರು ಕಿ.ಮೀ. ಎತ್ತರದ ಬೆಳಕಿನ ಸದ್ದು ನೆಲಕ್ಕೆ ಮುಟ್ಟಲಾರದೆಂಬ ಕಾರಣಕ್ಕೆ ಅನೇಕ ವಿಜ್ಞಾನಿಗಳು ಅದನ್ನು ಭ್ರಮೆಯೆಂದು ತಳ್ಳಿಹಾಕಿದ್ದರು. ಫಿನ್‌ಲ್ಯಾಂಡಿನ ಆಲ್ಟೊ ವಿಶ್ವವಿದ್ಯಾಲಯದ ಉಂಟೊ ಲೈನೆ ಅಂಥ ಸದ್ದುಗಳನ್ನು ಧ್ವನಿಮುದ್ರಿಸಿ, ಅವು ನೆಲದಿಂದ ಸುಮಾರು 70 ಮೀಟರ್ ಎತ್ತರದಲ್ಲಿ ಹುಟ್ಟುತ್ತವೆಂದು 2012ರಲ್ಲಿ ವರದಿ ಮಾಡಿದರು. ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಗಾಳಿ ಕುಳಿತ ಪದರದಲ್ಲಿ ವಿದ್ಯುದಾವೇಶ ಬಿಡುಗಡೆಯಾಗುವುದು ಇದಕ್ಕೆ ಕಾರಣವಿರಬಹುದೆಂದು 2016ರಲ್ಲಿ ಸೂಚಿಸಿದರು. ಇದರಿಂದ ಆತ್ಮಗಳ ಮಾತು ಸಿದ್ಧವಾಗುವುದಿಲ್ಲ. ಆದರೆ ಅನುಭವವನ್ನು ನಿರಾಕರಿಸಲು ವಿವರಣೆಯ ಕೊರತೆಯೊಂದೇ ಸಾಲದೆಂಬುದು ಸಿದ್ಧವಾಗುತ್ತದೆ.

ನಿಜವಾದ ವಕ್ತೃವನ್ನು ಕೇಳದಿರುವ ತಪ್ಪಿನ ಮಗ್ಗುಲಲ್ಲೇ ಇಲ್ಲದ ವಕ್ತೃವನ್ನು ಸೃಷ್ಟಿಸುವ ತಪ್ಪೂ ಇದೆ. ಧ್ರುವಪ್ರಭೆಯ ಕೆಳಗೆ ಗರ್ಭ ನಿಂತ ಮಗು ಭಾಗ್ಯಶಾಲಿಯೆಂದು ಜಪಾನೀಯರು ನಂಬುತ್ತಾರೆಂಬ ಮಾತು ಪ್ರವಾಸೋದ್ಯಮದ ಬರಹಗಳಲ್ಲಿ ಪದೇ ಪದೇ ಬರುತ್ತದೆ. ಇಂದು ಜಪಾನಿನ ಆಕಾಶದಲ್ಲಿ ಇದು ಅತ್ಯಂತ ವಿರಳ. ಅಲ್ಲಿನ ಹಳೆಯ ದಾಖಲೆಗಳು ಅದನ್ನು ಕೆಂಪು ಚಿಹ್ನೆಯಾಗಿ ಕಂಡವೇ ಹೊರತು ಸಂತಾನಭಾಗ್ಯವಾಗಿ ಅಲ್ಲ. ರಿಚರ್ಡ್ ಡಾರ್ಸನ್ 1950ರಲ್ಲಿ 'ಹುಸಿ ಜಾನಪದ' ಎಂದು ಕರೆದದ್ದು ಇಂಥದನ್ನೇ. ಬುಲ್ಫಿಂಚನ ವಾಲ್ಕಿರಿಯರಿಗೂ ಇದಕ್ಕೂ ನಡುವೆ ಶತಮಾನಕ್ಕೂ ಮಿಕ್ಕ ಅಂತರವಿದೆ. ವಿಧಾನ ಮಾತ್ರ ಒಂದೇ.

ಇದರ ನಷ್ಟ ತಾತ್ವಿಕವಾದದ್ದಷ್ಟೇ ಅಲ್ಲ. ಸಾಮಿ ಮತ್ತು ಇನುಯಿಟ್ ಮಕ್ಕಳನ್ನು ಅವರ ಭಾಷೆಯಿಂದ ಬೇರ್ಪಡಿಸಿದ ವಸತಿಶಾಲೆಗಳ ಇತಿಹಾಸ ಇಪ್ಪತ್ತನೆಯ ಶತಮಾನಕ್ಕೆ ಸೇರಿದ್ದು. ಬೆಳಕಿನ ಎದುರು ದನಿ ತಗ್ಗಿಸಬೇಕೆಂದು ಅಜ್ಜಿ ಮೊಮ್ಮಗುವಿಗೆ ಹೇಳಿಕೊಡುವ ಸರಪಳಿ ಅಲ್ಲಿ ಕಡಿಯಿತು. ಅದೇ ಮಾತು ಇಂದು ಪ್ರವಾಸಿಗನಿಗೆ ಹೇಳುವ ರಂಜಕ ಸಂಗತಿಯಾಗಿ, ಹೇಳಿದವರ ಹೆಸರೂ ಇಲ್ಲದೆ, ಮುದ್ರಣಗೊಳ್ಳುತ್ತಿದೆ. ಜಗತ್ತಿನ ಜಾನಪದವನ್ನು ಇಂಗ್ಲಿಷಿನ ಮೂಲಕ ಪಡೆಯುವ ಕನ್ನಡದ ಅಧ್ಯಯನಕ್ಕೆ ಇಲ್ಲೊಂದು ಹೊಣೆಯಿದೆ. ಸಂಗ್ರಾಹಕ, ವರ್ಷ, ಸಮುದಾಯ, ನೆಲ ಈ ನಾಲ್ಕರಲ್ಲಿ ಒಂದಾದರೂ ತಿಳಿಯದ ಪಾಠವನ್ನು ಹೋಲಿಕೆಗೆ ಬಳಸದಿರುವ ಶಿಸ್ತು ಅದಕ್ಕೆ ಬೇಕು. ಹಾಗೆ ಮಾಡಿದಾಗ ಧ್ರುವಪ್ರಭೆಯ ಪಟ್ಟಿ ಚಿಕ್ಕದಾಗುತ್ತದೆ, ನಿಜ. ಉಳಿದ ಪ್ರತಿಯೊಂದು ಕಥೆಯ ಹಿಂದೆಯೂ ಅದನ್ನು ಹೇಳಿದ ಜನ ಇರುತ್ತಾರೆ.